ಕ್ವಾರಿ ಅಂಚಿನ ಮಣ್ಣು

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ನೀರು ನಿಂತ ಒಂದು ಕ್ವಾರಿ ಗುಂಡಿಯಿದೆ. ಬೇಗೂರಿನಾಚೆ ಮನೆ ಕೊಳ್ಳುವಾಗ ಮಾರಾಟದವನು ಅದನ್ನು ‘ಲೇಕ್ ವ್ಯೂ’ ಎಂದಿದ್ದ. ದಾವಣಗೆರೆಯಿಂದ ಬಂದ ನಾನು ನೀರು ಕಂಡರೆ ಸಾಕೆಂದು ತಲೆಯಾಡಿಸಿದ್ದೆ. ಕಲ್ಲು ಒಡೆಸಿದ ಗುತ್ತಿಗೆದಾರ ಬೇಲಿ ಕೂಡ ಹಾಕದೆ ಯಂತ್ರ ಕಟ್ಟಿಕೊಂಡು ಹೋಗಿದ್ದಾನೆಂದು ಆಮೇಲೆ ತಿಳಿಯಿತು. ಒಮ್ಮೆ ಮೇಯುತ್ತಿದ್ದ ಹಸುವೊಂದು ಅಂಚಿನಿಂದ ಜಾರಿ ಬಿತ್ತು. ಮೇಲೆತ್ತುವಷ್ಟರಲ್ಲಿ ಅದರ ಜೀವ ಹೋಗಿತ್ತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಚೇರಿಯಿಂದ ಕಚೇರಿಗೆ ಅಲೆದೆ. ಒಂದು ಕಡೆಯವರು ಗುತ್ತಿಗೆದಾರನನ್ನು ಹಿಡಿಯಿರಿ ಎಂದರು, ಇನ್ನೊಂದು ಕಡೆಯವರು ಮೊದಲಿನ ಕಚೇರಿಗೇ ಹೋಗಿ ಎಂದರು. ಗುತ್ತಿಗೆದಾರನ ಫೋನು ಸ್ವಿಚ್ ಆಫ್. ಕೊನೆಗೆ ಸರ್ಕಾರಿ ಜಾಗವೆಂದೇ ತಿಳಿದು ಅಪಾರ್ಟ್‌ಮೆಂಟಿನವರೇ ಸೇರಿ ಬೇಲಿ ಹಾಕಿಸಿದೆವು, ಸುತ್ತ ಹೊಂಗೆ ಸಸಿ ನೆಟ್ಟೆವು, ಫೋಟೊ ಹೊಡೆಸಿಕೊಂಡೆವು. ನೆಟ್ಟಿದ್ದು ಬರೀ ಕಲ್ಲುಪುಡಿಯಲ್ಲಿ! ಬಾಲ್ಕನಿಯ ಕುಂಡದಲ್ಲಿ ತುಳಸಿ ಬೆಳೆಸಿದವರ ಜಾಣತನ ಅಷ್ಟೇ. ಬೇಸಿಗೆಯಲ್ಲಿ ಒಂದು ಸಸಿಯೂ ಉಳಿಯಲಿಲ್ಲ.

ಮಳೆಗಾಲದ ಹೊತ್ತಿಗೆ ಹೊರಗಿನಿಂದ ಕೆಂಪು ಮಣ್ಣು ತರಿಸುವುದೆಂದಾಯಿತು. ಅದಕ್ಕೆ ಮೊದಲು ಗುಂಡಿಯ ಅಂಚಿನಲ್ಲಿ ಲಾಂಟಾನ ಪೊದೆ ಮುಚ್ಚಿಕೊಂಡಿದ್ದ ದೊಡ್ಡ ಗುಡ್ಡೆಯೊಂದನ್ನು ತೆಗೆಸಬೇಕಿತ್ತು. ಕ್ವಾರಿಯವರು ಬಿಟ್ಟುಹೋದ ಕಸವೆಂದುಕೊಂಡಿದ್ದೆವು. ಜೆಸಿಬಿ ಬಂದ ಬೆಳಿಗ್ಗೆ ಅಜ್ಜಿಯೊಬ್ಬರು ಓಡಿಬಂದು ಅದಕ್ಕೆ ಅಡ್ಡ ನಿಂತರು. ಪಕ್ಕದ ಸಾಲುಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಹಳೇ ಊರಿನವರು. ಕ್ವಾರಿಗೆ ಜಮೀನು ಗುತ್ತಿಗೆಗೆ ಕೊಟ್ಟವರೂ ಇವರೇ ಎಂದು ಜೆಸಿಬಿ ಡ್ರೈವರ್ ನನ್ನ ಕಿವಿಯಲ್ಲಿ ಹೇಳಿದ.

ಪಿತ್ತ ನೆತ್ತಿಗೇರಿತು. “ಏನಜ್ಜಿ, ಬಂಡೆ ಒಡೆಯೋಕೆ ಜಾಗ ಕೊಟ್ಟೋರು ನೀವು. ಹಸು ಸತ್ತಾಗ ಎಲ್ಲಿದ್ರಿ? ಈಗ ಸರಿ ಮಾಡೋಕೆ ಬಂದ್ರೆ ಅಡ್ಡ ಬರ್ತೀರಾ? ಈ ಗುಂಡಿಗೆ ನೀವೇ ಹೊಣೆ!” ಎಂದು ಎಲ್ಲರೆದುರು ಕೂಗಾಡಿದೆ.

“ಊಂ ತಾಯಿ, ನಾನೇಯ,” ಎಂದರು ಅಜ್ಜಿ, ತಲೆ ತಗ್ಗಿಸದೆ. “ಆದ್ರೆ ಇದು ಕಸ ಅಲ್ಲ ಕಣವ್ವ, ನಮ್ಮೊಲದ್ ಮಣ್ಣು. ಬಂಡೆ ಒಡೆಯೋಕ್ ಮುಂಚೆ ಮೇಲಿನ್ ಮಣ್ಣೆಲ್ಲಾ ಕೆರೆಸಿ ಇಲ್ಲಿ ಆಕ್ಸಿದ್ದೆ. ಕೆಲ್ಸ ಮುಗುದ್ ಮ್ಯಾಲೆ ಮತ್ತೆ ಅರಡ್ಕೊಡ್ತೀನಿ ಅಂದಿದ್ದ ಆ ಗುತ್ಗೆದಾರ. ಎದ್ದೋದೋನು ತಿರುಗಿ ಬರ್ಲೇ ಇಲ್ಲ.”

ಪೊದೆ ಸರಿಸಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಕೆಂಪಗೆ, ತಣ್ಣಗಿತ್ತು. ಎರೆಹುಳುವೊಂದು ಬೆರಳ ಮೇಲೆ ಹರಿಯಿತು. ಲಾರಿಯವರು ಎಷ್ಟೋ ಸಲ ಕೇಳಿಕೊಂಡು ಬಂದಿದ್ದರಂತೆ. ಮಣ್ಣು ತಾನೆ, ಕೊಟ್ಟುಬಿಡು ಎಂದು ಮನೆಯವರೂ ಹೇಳಿದ್ದರಂತೆ. ಅಜ್ಜಿ ಒಂದು ಬುಟ್ಟಿ ಮಣ್ಣನ್ನೂ ಬಿಟ್ಟುಕೊಟ್ಟಿರಲಿಲ್ಲ. ಅಬ್ಬಾ, ಎಂಥ ಹೆಂಗಸು! ನಾನು ಬಾಯಿ ಮಾಡಿದ್ದೇ ಬಂತು, ನಿಜವಾಗಿ ಕಾಯ್ದವರು ಅವರು. ನನಗೆ ನಾಚಿಕೆಯಾಯಿತು.

ಅಜ್ಜಿಯೇ ಮುಂದೆ ನಿಂತು ತೋರಿಸಿದಂತೆ ಜೆಸಿಬಿ ಅದೇ ದಿನ ಮಣ್ಣನ್ನು ಅಂಚಿನುದ್ದಕ್ಕೂ ಹರಡಿತು. ತಕ್ಷಣ ಸಸಿ ತರಲು ಹೊರಟ ನಮ್ಮನ್ನು ಅಜ್ಜಿಯೇ ತಡೆದರು. “ಇಷ್ಟು ವರ್ಸ ಮಲಗಿರೋ ಮಣ್ಣು. ಮೊದ್ಲು ಉರ್ಳಿ ಚೆಲ್ಲಿ, ಊ ಬಿಟ್ಟಾಗ ಗಿಡಾನೆಲ್ಲಾ ಮಣ್ಣಿಗೇ ಮಗುಚಿ. ಅದು ಕೊಳೀಲಿ. ಆಮ್ಯಾಲೆ ನಿಮ್ ಸಸಿ.” ಫೋಟೊಗೆ ಆತುರಪಡುತ್ತಿದ್ದವರೆಲ್ಲ ಅಜ್ಜಿ ಹೇಳಿದಂತೆ ಹುರುಳಿ ಚೆಲ್ಲಿದೆವು.

ಹುರುಳಿ ಗೇಣುದ್ದ ಬಂದಾಗ ಒಂದು ಸಂಜೆ ಅಜ್ಜಿ ಅದರ ನಡುವೆ ಬರಿಗಾಲಲ್ಲಿ ನಿಂತಿದ್ದರು. ಧೈರ್ಯ ಮಾಡಿ ಹತ್ತಿರ ಹೋದೆ.

“ಅಜ್ಜಿ, ಅವತ್ತು ಎಲ್ಲರ ಮುಂದೆ ಬೈದ್ಬಿಟ್ಟೆ. ತಪ್ಪಾಯ್ತು.”

“ತಪ್ಪೇನು ಬಂತು ಬುಡು ತಾಯಿ,” ಎಂದರು. “ಎಲ್ರೂ ಆ ಕಚೇರಿ ಈ ಕಚೇರಿ ಅಂತ ಸುತ್ತುದ್ರು. ನನ್ ಮುಂದೆ ಬಂದು, ನೀನೇ ಒಣೆ ಅಂದೋಳು ನೀನೊಬ್ಳೇ. ಒಲಾನ ಗುಂಡಿ ಮಾಡ್ಸಿದ್ದಕ್ಕೆ ಯಾರಾದ್ರೂ ಬಂದು ಬೈಲಿ ಅಂತ ಎಷ್ಟು ವರ್ಸದಿಂದ ಕಾಯ್ತಿದ್ದೆ, ಗೊತ್ತಾ?”