ಟ್ರ್ಯಾಕ್ಟರ್ ಮೇಲೆ ದರ್ಜಿ

ನನ್ನ ತಂಗಿಯ ಗಂಡ ಪುಕ್ಕಲ. ಇದನ್ನು ಮೆತ್ತಗೆ ಹೇಳಬೇಕೆಂದು ನನಗೆ ಎಂದೂ ಅನಿಸಿಲ್ಲ. ವೃತ್ತಿಯಲ್ಲಿ ದರ್ಜಿ, ಹೊಲಿಗೆ ಯಂತ್ರಕ್ಕಿಂತ ದೊಡ್ಡ ಯಂತ್ರ ಯಾವುದನ್ನು ಕಂಡರೂ ಹಿಂದೆ ಸರಿಯುವವನು. ಒಮ್ಮೆ ತಂಗಿ ಬೆರಳು ಕೊಯ್ದುಕೊಂಡಾಗ ರಕ್ತ ನೋಡಿ ಅವನೇ ನೆಲಕ್ಕೆ ಬಿದ್ದಿದ್ದ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನ ಮುಖಕ್ಕೆ ನೀರು ಚಿಮುಕಿಸಿದವಳು ಅವಳು.

ತಂಗಿ ಪಿಕಪ್ ಓಡಿಸಿ ಅಂಗಡಿಗಳಿಗೆ ನೀರಿನ ಕ್ಯಾನ್ ಹಾಕುತ್ತಾಳೆ. ನಮ್ಮ ತಂದೆಯ ಹಳೆಯ ಟ್ರ್ಯಾಕ್ಟರ್ ಗುಡ್ಡದಾಚೆಯ ಗೋದಾಮಿನಲ್ಲಿ ಎಂಜಿನ್ ಜಾಮ್ ಆಗಿ ನಿಂತಿತ್ತು. ಗೋದಾಮು ಕೆಡವುತ್ತಾರೆಂದು ತಿಳಿದಾಗ ಅದನ್ನು ಮನೆಗೆ ತರಲೇಬೇಕೆಂದು ಅವಳು ಹಟ ಹಿಡಿದಳು. ಟ್ರೇಲರ್ ನಮ್ಮಲ್ಲಿಲ್ಲ, ಬಾಡಿಗೆಗೆ ಕೊಡುವವನದು ಕೆಟ್ಟು ಕೂತಿತ್ತು. ಹಾಗಾಗಿ ಕಬ್ಬಿಣದ ದಂಡದಿಂದ ಪಿಕಪ್‌ಗೆ ಜೋಡಿಸಿ ಎಳೆದು ತರುವುದೆಂದಾಯಿತು. ಟ್ರ್ಯಾಕ್ಟರ್ ಮೇಲೆ ಒಬ್ಬರು ಕೂತು ಸ್ಟಿಯರಿಂಗ್ ತಿರುಗಿಸಬೇಕು. ಗಂಡನಲ್ಲದೆ ಇನ್ಯಾರು?

“ಬ್ರೇಕು?” ಎಂದು ಕೇಳಿದ ದರ್ಜಿ.

“ಅಷ್ಟೋ ಇಷ್ಟೋ ಹಿಡಿಯುತ್ತೆ. ಎರಡು ಪೆಡಲ್ ಇದೆ ನೋಡಿ, ಎಡಗಡೆ ಚಕ್ರಕ್ಕೊಂದು, ಬಲಗಡೆಗೊಂದು. ಎರಡನ್ನೂ ಒಟ್ಟಿಗೆ ತುಳೀರಿ. ಒಂದನ್ನೇ ತುಳಿದ್ರೆ ಆ ಕಡೆಗೇ ತಿರುಗಿಬಿಡುತ್ತೆ.”

“ಇಳಿಜಾರಲ್ಲಿ ಇದು ನಿನ್ನ ಗಾಡೀನ ತಳ್ಕೊಂಡು ಹೋದ್ರೆ?”

“ಏನೂ ಆಗಲ್ಲ, ಹತ್ರೀ!”

ಅವನು ಹತ್ತಲಿಲ್ಲ. ಚೀಲದಿಂದ ಟಾರ್ಪಾಲು ಹೊಲಿಯುವ ದಪ್ಪ ಹುರಿ ತೆಗೆದು, ದಂಡವನ್ನು ಟ್ರ್ಯಾಕ್ಟರ್‌ಗೆ ಸೇರಿಸಿದ್ದ ಪಿನ್ನಿಗೆ ಕಟ್ಟಿದ. ಹುರಿಯನ್ನು ಬಾನೆಟ್ಟಿನ ಮೇಲಿಂದ ಸೀಟಿನವರೆಗೆ ತಂದ.

“ಇದೇನ್ರೀ? ನನ್ನನ್ನ ಬಿಟ್ಟು ಓಡೋಕಾ?”

“ನಾನು ಕೂಗಿದ್ರೆ ಬ್ರೇಕ್ ಬಿಟ್ಟು ಮುಂದೆ ಹೋಗ್ಬಿಡು.”

“ಆಗ್ಲಿ ಟೇಲರ್ ಸಾಹೇಬ್ರೇ. ನೀವು ಕೂಗದೆ ಇದ್ದ ದಿನ ಯಾವ್ದಿದೆ?”

ಏರಿನುದ್ದಕ್ಕೂ ಕನ್ನಡಿಯಲ್ಲಿ ಅವಳಿಗೆ ಕಂಡದ್ದು ಅವನ ಸುಣ್ಣ ಬಳಿದಂಥ ಮುಖ. ನಗು ಬಂತಂತೆ. ಇಳಿಜಾರಿಗೆ ಬಂದ ಮೇಲೆ ನಗು ನಿಂತಿತು. ಎಡಕ್ಕೆ ಪ್ರಪಾತ, ಬಲಕ್ಕೆ ಮಣ್ಣಿನ ದಿಬ್ಬ, ಎದುರಿಗೆ ತಿರುವು. ಬ್ರೇಕ್ ಒತ್ತಿದಷ್ಟೂ ಹಿಂದಿನ ಭಾರ ಗಾಡಿಯನ್ನು ನೂಕುತ್ತಿತ್ತು. ಜಲ್ಲಿಯ ಮೇಲೆ ಟೈರುಗಳು ಜಾರತೊಡಗಿದವು. ಪಿಕಪ್ಪಿನ ಹಿಂಭಾಗ ಪ್ರಪಾತದ ಕಡೆಗೆ ಸರಿಯಿತು. ಈಗ ಕನ್ನಡಿಯಲ್ಲಿ ಟ್ರ್ಯಾಕ್ಟರಿನ ಮೂತಿ ಬಿಟ್ಟರೆ ಬೇರೇನೂ ಕಾಣಲಿಲ್ಲ.

“ಬಿಡೇ! ಬಿಟ್ಬಿಡು!”

ಆ ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆಯುವುದೆಂದರೆ ಕಣ್ಣು ಮುಚ್ಚಿ ಬಾವಿಗೆ ಹಾರಿದಂತೆ. ಕಾಲು ಕೇಳಲಿಲ್ಲ ಎನ್ನುತ್ತಾಳೆ ತಂಗಿ. ಅವನು ಮತ್ತೊಮ್ಮೆ ಕಿರುಚಿದ. ಅವಳು ಕಾಲು ತೆಗೆದಳು. ಪಿಕಪ್ ಮುಂದಕ್ಕೆ ನೆಗೆಯಿತು, ದಂಡದ ಬಿಗಿ ಒಂದು ಕ್ಷಣ ಸಡಿಲವಾಯಿತು. ಅವನು ಹುರಿ ಜಗ್ಗಿದ.

ಖಾಲಿ ದಂಡವನ್ನು ರಸ್ತೆಯ ಮೇಲೆ ಕಿರ್ರೆಂದು ಎಳೆದುಕೊಂಡು ತಿರುವು ದಾಟಿ ಅವಳು ಗಾಡಿ ನಿಲ್ಲಿಸಿದಳು. ಹಿಂದೆ ಏನೋ ಧಡ್ಡೆಂದಿತು. ಆಮೇಲೆ ಸದ್ದೇ ಇಲ್ಲ. ಅವಳು ಮೇಲಕ್ಕೆ ಓಡಿದಳು.

ಟ್ರ್ಯಾಕ್ಟರ್ ದಿಬ್ಬಕ್ಕೆ ಮೂತಿ ಹುಗಿದು ನಿಂತಿತ್ತು. ಅವನು ಸೀಟಿನ ಮೇಲೇ ಇದ್ದ, ಎರಡೂ ಪಾದಗಳು ಬಲಗಡೆಯ ಪೆಡಲ್ ಮೇಲೆ, ಹಲ್ಲು ಕಟಕಟ. ಪಿನ್ನು ಬಾನೆಟ್ಟಿನ ಮೇಲೆ ಬಿದ್ದಿತ್ತು. ಹುರಿಯ ಇನ್ನೊಂದು ತುದಿ ಅವನ ಹಿಡಿಯಲ್ಲಿರಲಿಲ್ಲ; ಮಣಿಕಟ್ಟಿಗೆ ಬಿಗಿದು ಗಂಟು ಹಾಕಿತ್ತು.

“ಕೈಯಲ್ಲಿ ಹಿಡ್ಕೊಂಡಿದ್ರೆ ಸಾಕಿರ್ಲಿಲ್ವೇನ್ರೀ?”

“ಮೂರ್ಛೆ ಬಂದಿದ್ರೆ? ನಾನು ಉರುಳಿ ಬಿದ್ರೂ ಪಿನ್ನು ಬರ್ಬೇಕಲ್ಲ.”

ಹುರಿ ಚರ್ಮ ಕೊರೆದು ರಕ್ತ ಜಿನುಗುತ್ತಿತ್ತು. ಗಂಟು ಬಿಚ್ಚಲೆಂದು ಅವನು ಆ ಕೈಯನ್ನು ಅವಳತ್ತ ಚಾಚಿದ. ಮುಖವನ್ನು ಮಾತ್ರ ಆಚೆ ತಿರುಗಿಸಿಕೊಂಡ.