ಮಡ್ಡಿಯ ಮೇಲೆ ಕಾಕಾ ಕಟ್ಟಿದ ಕೋಣೆ

ಕಳೆದ ವಾರ ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮೊಂದರ ಮುಂದೆ ಇಬ್ಬರು ಮೂಟೆಗಳಿಗೆ ಹೊದಿಸುವ ಹಳೆಯ ತಾಡಪತ್ರಿ ಝಾಡಿಸುತ್ತಿದ್ದರು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನಡುರಸ್ತೆಯಲ್ಲಿ ನಿಂತು ಸೀನತೊಡಗಿದೆ. ಆರನೆಯ ಸೀನಿಗೆ ಕಾಕಾ ನೆನಪಾದರು...

ಸ್ವಂತ ಕಾಕಾ ಅಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಚಿಕ್ಕೋಡಿಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದಾಗ ಬಾಡಿಗೆಗಿದ್ದ ಮನೆಯ ಯಜಮಾನರು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. 'ಅಥಣಿ ಗಾಡಿ ಎಷ್ಟಕ್ಕ್ರಿ?', 'ರಾಯಬಾಗದ್ದು ಹೋತೇನ್ರಿ?' ಎಂಬ ಪ್ರಶ್ನೆಗಳಿಗೆ ಸಣ್ಣ ಕಿಟಕಿಯ ಹಿಂದೆ ಕೂತು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಉತ್ತರಿಸಿ ಸೋತುಹೋಗಿದ್ದರು. ಮಧ್ಯಾಹ್ನ ಮಲಗಿದರೂ ನಿದ್ದೆಯಲ್ಲಿ ವೇಳೆ ಕೂಗಿ ಗಾಡಿ ಬಿಡುತ್ತಿದ್ದರು.

ಒಂದು ದಿನ ಚಹಾ ಕುಡಿಯುತ್ತ, "ಮಾಸ್ತರ, ಯಾರೂ ಏನೂ ಕೇಳಬಾರದು. ಅಂಥಾ ಒಂದು ಜಾಗಾ ಬೇಕಾಗೇತಿ ನನಗ" ಎಂದರು.

ನಿಪ್ಪಾಣಿ ರಸ್ತೆಯ ಪಕ್ಕದಲ್ಲಿ ಹಿರಿಯರಿಂದ ಬಂದ, ಉಳುಮೆಗೆ ಬಾರದ ಕಲ್ಲುಮಡ್ಡಿಯೊಂದು ಅವರಿಗಿತ್ತು. ಬೇವು, ಜಾಲಿ, ಕಾರಿಕಂಟಿ ತಾವಾಗಿಯೇ ಬೆಳೆದು ಸಣ್ಣ ಅಡವಿಯಾಗಿತ್ತು. ಅಲ್ಲೊಂದು ಕಟ್ಟಿಗೆಯ ಕೋಣೆ ಕಟ್ಟಿ, ವಾರಕ್ಕೆ ನಾಲ್ಕು ದಿನ ಹಕ್ಕಿಗಳ ಸದ್ದು ಕೇಳುತ್ತ ಇರುವುದೆಂದು ನಿಶ್ಚಯಿಸಿದರು. ಗೌಂಡಿ, ಬಡಿಗ ಯಾರೂ ಬೇಡ. ಅವರೂ ಪ್ರಶ್ನೆ ಕೇಳುತ್ತಾರಂತೆ.

ಅವರ ಹೆಂಡತಿ ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. "ಮನ್ಯಾಗ ಒಂದು ಮೊಳೆ ಹೊಡೀರಿ ಅಂದ್ರ ಮೂರು ತಿಂಗಳ ಮಾಡ್ತಾರ. ಈಗ ಮನೀನ ಕಟ್ಟಾಕ ಹೊಂಟಾರ ನೋಡ್ರಿ!"

ಬೇಸಿಗೆ ರಜೆಯಲ್ಲಿ ನಾವಿಬ್ಬರೇ ಹೊರಟೆವು. ಕೆಲಸ ಮುಗಿಯುವವರೆಗೆ ಇರಲು ಡೇರೆ ಬೇಕಲ್ಲ? ಪರಿಚಯದ ತಂಬಾಕು ವ್ಯಾಪಾರಿಯ ಹಳೆಯ ತಾಡಪತ್ರಿಯೇ ನಮ್ಮ ಡೇರೆಯಾಯಿತು. ಒಳಗೆ ಕೂತರೆ ಸೀನು, ಹೊರಗೆ ಕೂತರೆ ಬಿಸಿಲು. ನಮ್ಮ ಸೀನಿಗೆ ಹೆದರಿ ಹಕ್ಕಿಗಳು ಮೊದಲ ದಿನವೇ ಜಾಗ ಖಾಲಿ ಮಾಡಿದವು.

ಬಸ್ಸು ಬಿಟ್ಟರೆ ಕಾಕಾನಿಗೆ ಬೇರೆ ಅಳತೆ ಗೊತ್ತಿರಲಿಲ್ಲ. ಅರ್ಧ ಬಸ್ಸಿನಷ್ಟು ಉದ್ದಕ್ಕೆ ನೀಲಗಿರಿ ಗಳ ನೆಟ್ಟೆವು. ಎರಡೇ ದಿನಕ್ಕೆ ಮೊದಲ ಗೋಡೆ ವಾಲಿತು. "ಘಾಟದಾಗ ಗಾಡಿ ಹಿಂಗ ವಾಲ್ತೈತಿ, ಬೀಳೂದಿಲ್ಲ" ಎಂದರು. ಬಿತ್ತು. ಮತ್ತೆ ಕಟ್ಟಿದೆವು. ಗುಜರಿ ಅಂಗಡಿಯಿಂದ ಹಳೆಯ ಬಸ್ಸಿನ ನಾಲ್ಕು ಕಿಟಕಿ, ಎರಡು ಸೀಟು ತಂದರು. ಸೀಟುಗಳನ್ನು ಬಾಗಿಲ ಹೊರಗೆ ನೆರಳಿಗೆ ಹಾಕಿದೆವು. ಗೆದ್ದಲು ಹತ್ತಬಾರದೆಂದು ಕಟ್ಟಿಗೆಗೆಲ್ಲ ಕೆಂಪು ಬಣ್ಣ ಬಳಿದೆವು. ತಗಡು ಹೊದಿಸಿ, ಹಿಂದೆ ಸರಿದು ನೋಡಿದಾಗ ನನಗೆ ಕಂಡದ್ದು ಕೋಣೆಯಲ್ಲ, ಬೇರೆಯೇ ಏನೋ. ಆದರೆ ಅವರ ಮುಖದ ಸಂತೋಷ ನೋಡಿ ಬಾಯಿ ಬಿಡಲಿಲ್ಲ.

ಕೋಣೆ ಮುಗಿದ ಮೂರನೆಯ ದಿನ ಆಚೆಯ ತೋಟದ ಮನೆಗಳ ವಸ್ತಿಯಿಂದ ಬಂದ ಅಜ್ಜಿಯೊಬ್ಬಳು ತಲೆಯ ಬುಟ್ಟಿ ಇಳಿಸಿ, ಸೀಟಿನ ಮೇಲೆ ಆರಾಮಾಗಿ ಕೂತು ಕೇಳಿದಳು: "ನಿಪ್ಪಾಣಿ ಗಾಡಿ ಎಷ್ಟಕ್ಕ ಐತ್ರಿ?"

ಕಾಕಾ ತುಟಿ ಬಿಗಿಹಿಡಿದರು. "ಹತ್ತೂ ನಲವತ್ತಕ್ಕ" ಎಂದುಬಿಟ್ಟರು.

ಅಲ್ಲಿಗೆ ಮುಗಿಯಿತು. ದಿನವೂ ಜನ ಬರತೊಡಗಿದರು. ಕಾಕಾ ಬೇಸತ್ತು, 'ಇದು ಬಸ್ ನಿಲ್ದಾಣ ಅಲ್ಲ' ಎಂದು ಬೋರ್ಡು ಬರೆಸಿ ತೂಗುಹಾಕಿದರು. ದೂರದಿಂದ 'ಬಸ್ ನಿಲ್ದಾಣ' ಎಂಬಷ್ಟನ್ನೇ ಓದಿಕೊಂಡು ಮತ್ತಷ್ಟು ಜನ ಬಂದರು! ಅಲ್ಲಿ ಯಾವ ಬಸ್ಸೂ ನಿಲ್ಲುತ್ತಿರಲಿಲ್ಲ. ಮುಂದಿನ ಸ್ಟಾಪಿಗೆ ನಡೆಯಬೇಕಿತ್ತು.

ಮಳೆಗಾಲದ ಒಂದು ರವಿವಾರ ನಾನೂ ಅಲ್ಲಿದ್ದೆ. ವಸ್ತಿಯ ತುಂಬು ಬಸುರಿಯೊಬ್ಬಳನ್ನು ಅತ್ತೆ ಕೈಹಿಡಿದು ಕರೆತಂದಳು. ನೋವು ಶುರುವಾಗಿತ್ತು, ಇನ್ನೊಂದು ಹೆಜ್ಜೆ ಇಡುವ ಸ್ಥಿತಿಯಲ್ಲಿರಲಿಲ್ಲ. ದೂರದಲ್ಲಿ ಬಸ್ಸು ಕಂಡಿತು. ಕಾಕಾ ಚಪ್ಪಲಿಯನ್ನೂ ಮೆಟ್ಟದೆ, ಕೆಸರಿನಲ್ಲಿ ಜಾರುತ್ತ ಓಡಿ, ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟರು. ಬಸ್ಸು ಕಿರ್ರನೆ ನಿಂತಿತು.

ಡ್ರೈವರ್ ತಲೆ ಹೊರಗೆ ಹಾಕಿ, "ಸಾಹೇಬ್ರ! ರಿಟೈರ್ ಆದ್ರೂ ಡ್ಯೂಟಿ ಬಿಟ್ಟಿಲ್ಲೇನ್ರಿ?" ಎಂದ.

"ಮಾತ ಕಡಿಮಿ ಮಾಡ. ಸೀದಾ ನಿಪ್ಪಾಣಿ ದವಾಖಾನಿ. ನಡುವ ಎಲ್ಲೂ ನಿಲ್ಲಸಬ್ಯಾಡ!"

ನಾವೆಲ್ಲ ಸೇರಿ ಅವಳನ್ನು ಹತ್ತಿಸಿದೆವು. ಬಸ್ಸು ಹೋದ ಮೇಲೆ ಕಾಕಾ ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು ಕೂತರು. ಗಡಿಯಾರ ನೋಡಿಕೊಂಡು, "ನಾಕ ನಿಮಿಷ ಲೇಟ್ ಆತು" ಎಂದರು. ಅಷ್ಟು ಸಂತೋಷದಿಂದ ಅವರು ಯಾವ ಗಾಡಿಯನ್ನೂ ಲೇಟ್ ಮಾಡಿರಲಿಲ್ಲವೇನೋ...

ತಾಯಿ, ಮಗು ಇಬ್ಬರೂ ಕ್ಷೇಮವೆಂದು ಮರುದಿನ ಸುದ್ದಿ ಬಂತು. ಕಾಕಾ ತಾವೇ ಬೋರ್ಡು ಕಿತ್ತು ಒಲೆಗೆ ಹಾಕಿದರು. ಆಮೇಲೆ ಗುರುತಿನ ಡ್ರೈವರುಗಳು ಅಲ್ಲಿ ಕೈ ತೋರಿಸಿದರೆ ನಿಲ್ಲಿಸತೊಡಗಿದರು. ಕಾಕಾ ಹಗಲೆಲ್ಲ ವೇಳೆ ಹೇಳುತ್ತ ಕೂರುತ್ತಿದ್ದರು. ನಿದ್ದೆಯಲ್ಲಿ ಮಾತಾಡುವುದು ನಿಂತುಹೋಯಿತು ಎಂದು ಕಾಕು ಹೇಳಿದರು.

ಮುಂದೆ ನನಗೆ ಅಥಣಿ ಕಡೆಗೆ ವರ್ಗವಾಯಿತು. ಕಾಕಾ ತೀರಿಕೊಂಡ ಕಾಗದ ಕೈಸೇರುವಷ್ಟರಲ್ಲಿ ದಿನಕರ್ಮವೂ ಮುಗಿದಿತ್ತು.

ಕಳೆದ ವಾರ ನಿಪ್ಪಾಣಿಯಿಂದ ಮರಳುವಾಗ ಮಡ್ಡಿಯ ಹತ್ತಿರ ಇಳಿದೆ. ಗಳವೂ ಇಲ್ಲ, ತಗಡೂ ಇಲ್ಲ. ಬೇವಿನ ಗಿಡಗಳಷ್ಟೇ ಉಳಿದಿವೆ. ಸ್ವಲ್ಪ ಹೊತ್ತು ಅಲ್ಲೇ ಕೂತೆ. ನೌಕರಿಯಲ್ಲಿ ಎಷ್ಟೋ ಊರು ತಿರುಗಿದೆ, ಬ್ಯಾಂಕಿನ ಸಾಲದಲ್ಲಿ ಮನೆಯನ್ನೂ ಕಟ್ಟಿಸಿದೆ. ಆದರೆ ನನ್ನ ಕೈಯಾರೆ ಕಟ್ಟಿದ್ದು ಆ ಒಂದೇ ಕೋಣೆ. ಇದನ್ನು ಒಮ್ಮೆ ಕಾಕಾನಿಗೆ ಹೇಳಬೇಕಿತ್ತು... ಹೇಳಲಿಲ್ಲ.