ಮೊಣಕಾಲ ನೋವು ಎಂದು ಹೇಳಿದ್ದೆ

ನಾನು ಸುಳ್ಳು ಹೇಳಿದೆ. ಒಂದು ಸಲ ಅಲ್ಲ, ವರ್ಷಗಟ್ಟಲೆ. ಆ ಸುಳ್ಳಿನಿಂದಾಗಿ ನನ್ನ ಮೈದುನನ ಹೆಂಡತಿ ಮಂಜುಳಾ ತನ್ನ ಮೂರು ವರ್ಷದ ಮಗಳನ್ನು ಬಿಟ್ಟು ಒಂದೂವರೆ ವರ್ಷ ದೂರ ಇರಬೇಕಾಯಿತು. ಆ ಮಗಳನ್ನು ಸಾಕಿದವಳು ನಾನು. ಊರೆಲ್ಲ ನನ್ನನ್ನು ಹೊಗಳಿತು. ನಾನು ಹೊಗಳಿಸಿಕೊಂಡೆ.

ನಾನು ಮೊರಬದ ಹತ್ತಿರದ ಒಂದು ಹಳ್ಳಿಯಲ್ಲಿ ಸಾಲಿ ಟೀಚರು. ಜೋರು ಬಾಯಿಯವಳು ಅಂತ ಹೆಸರು. ನಲವತ್ತು ದಾಟಿದ ಮೇಲೆ ಒಂದು ದಿನ, ನಾಲ್ಕನೇ ಇಯತ್ತೆಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾಗ, ಎದೆ ಡವಡವ ಹೊಡೆದುಕೊಂಡು, ಕೈ ತಣ್ಣಗಾಗಿ, ಈಗ ಸತ್ತೇ ಹೋಗುತ್ತೇನೆ ಅನಿಸಿತು. ಸಾಯಲಿಲ್ಲ. ಮರುವಾರ ಮತ್ತೆ ಹಾಗೇ ಆಯಿತು. ಆಮೇಲೆ ಬಸ್ಸಿನಲ್ಲಿ, ಆಮೇಲೆ ಒಂದು ಮದುವೆಮನೆಯಲ್ಲಿ. ತಪಾಸಣೆ ಮಾಡಿದ ಡಾಕ್ಟರು, ಎದೆ ಗಟ್ಟಿಯಿದೆ, ಮನಸ್ಸಿನ ಡಾಕ್ಟರನ್ನು ನೋಡಿ ಅಂದರು. ಅಂದರೆ ಧಾರವಾಡದ ಹುಚ್ಚಾಸ್ಪತ್ರೆ. ನಮ್ಮ ಕಡೆ ಯಾರಾದರೂ ಹುಚ್ಚುಹುಚ್ಚಾಗಿ ಆಡಿದರೆ ಇವನನ್ನು ಧಾರವಾಡಕ್ಕೆ ಕಳಿಸಬೇಕು ಅಂತ ನಗುತ್ತೇವೆ — ನಾನೇ ಎಷ್ಟು ಮಕ್ಕಳಿಗೆ ಅಂದಿಲ್ಲ! ಈಗ ನಾನೇ ಹೊರಟಿದ್ದೆ.

ಮನೆಯಲ್ಲಿ ಮೊಣಕಾಲ ನೋವು ಅಂದೆ. ಗಂಡನಿಗೂ ಅದನ್ನೇ. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಬಸ್ ಇಳಿದು ಮನೆಗೆ ನಡೆಯುವಾಗ ತುಸು ಕುಂಟುತ್ತಿದ್ದೆ ಕೂಡ — ನಗಬೇಡಿ. ಡಾಕ್ಟರು ಗುಳಿಗೆ ಕೊಟ್ಟರು. ಎದೆ ಹೊಡೆದುಕೊಂಡಾಗ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುವುದನ್ನು ಕಲಿಸಿದರು. ಚಹಾ ಕಡಿಮೆ ಮಾಡಿರಿ, ಹೊತ್ತಿಗೆ ಸರಿಯಾಗಿ ಮಲಗಿರಿ, ಸಂಜೆ ಅಡ್ಡಾಡಿ ಬನ್ನಿರಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ ಅಂದರು. ಆ ಕಡೆಯದೊಂದನ್ನು ಬಿಟ್ಟು ಎಲ್ಲ ಪಾಲಿಸಿದೆ. ಏಳೆಂಟು ತಿಂಗಳಲ್ಲಿ ಮೊದಲಿನಂತಾದೆ.

ಅದಾಗಿ ವರ್ಷ ತುಂಬುವುದರೊಳಗೆ ಮಂಜುಳಾಗೆ ಶುರುವಾಯಿತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದೆ ಹಿಡಿದುಕೊಂಡು ಕೂತುಬಿಡುವಳು. ಒಬ್ಬಳೇ ಹಿತ್ತಿಲಿಗೆ ಹೋಗಲು ಹೆದರಿಕೆ. ಮಗಳು ಸಹನಾಳನ್ನು ಎತ್ತಿಕೊಂಡರೆ, ಎಲ್ಲಿ ಕೈಜಾರಿ ಬೀಳಿಸುತ್ತೇನೋ ಅಂತ ತಟ್ಟನೆ ಕೆಳಗಿಳಿಸುವಳು. ಅತ್ತೆ ದೃಷ್ಟಿ ತೆಗೆದರು, ಮಠಕ್ಕೆ ಕರೆದೊಯ್ದು ದಾರ ಕಟ್ಟಿಸಿದರು. ನಾನು ನೋಡುತ್ತ ನಿಂತೆ. ನನಗೆ ಮೊದಲ ದಿನವೇ ಗೊತ್ತಾಗಿತ್ತು — ಅದೇ ಡವಡವ, ಅದೇ ತಣ್ಣನೆಯ ಕೈ.

ಒಂದು ಮಧ್ಯಾಹ್ನ ಇಬ್ಬರೇ ಹೆಸರುಕಾಳು ಹಸನು ಮಾಡುತ್ತ ಕೂತಿದ್ದಾಗ ಅವಳು ನೇರವಾಗಿ ಕೇಳಿದಳು.

"ಅಕ್ಕಾರ, ನಿಮಗ ಯಾವಾಗರೆ ಹಿಂಗ ಆಗಿತ್ತೇನ್ರಿ?"

"ಇಲ್ಲವಾ. ನನಗ್ಯಾಕ ಆಗತೈತಿ? ಮನಸು ಗಟ್ಟಿ ಮಾಡ್ಕೊ."

ಇದೇ ಆ ಸುಳ್ಳು. ಡಾಕ್ಟರ ಚೀಟಿ ಇದ್ದ ನನ್ನ ಚೀಲ ಅಲ್ಲೇ, ನಾಲ್ಕು ಹೆಜ್ಜೆ ದೂರದ ಗೂಟಕ್ಕೆ ತೂಗಿತ್ತು. ಅವಳು ಹೂಂ ಅಂದು ತಲೆ ತಗ್ಗಿಸಿ ಕಾಳು ಆರಿಸತೊಡಗಿದಳು.

ಯಾಕೆ ಹಾಗೆ ಅಂದೆ? ಹುಚ್ಚು ಟೀಚರು ಅಂತ ಊರು ಆಡಿಕೊಂಡೀತು ಎಂಬ ಅಂಜಿಕೆ ಇತ್ತು. ಅಷ್ಟೇ ಆಗಿದ್ದರೆ — ಅಷ್ಟೇ ಅಲ್ಲ.

ಕೆಲವು ವಾರಗಳಾದ ಮೇಲೆ ಅವಳನ್ನು ತವರಿಗೆ, ಮಿಶ್ರಿಕೋಟಿಗೆ ಕಳಿಸುವ ಮಾತು ಬಂತು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಮಾವನವರು ನನ್ನ ಕಡೆ ತಿರುಗಿ, ಕಲಿತಾಕಿ ನೀನು, ಏನಂತಿ ಅಂದರು. ಇದು ರೋಗ, ಇದಕ್ಕೆ ಔಷಧ ಇದೆ, ನನಗೂ ಆಗಿತ್ತು — ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

"ಹೋಗಿ ಬರ್ಲಿ ಬಿಡ್ರಿ. ಕೂಸು ನನ್ನ ಹತ್ರ ಇರಲಿ."

ನನಗೆ ಮಕ್ಕಳಾಗಿರಲಿಲ್ಲ. ನೆಪ ಅಂತ ಇದನ್ನು ಹೇಳುತ್ತಿಲ್ಲ. ಮುಚ್ಚಿಟ್ಟರೆ ಮತ್ತೊಂದು ಸುಳ್ಳಾಗುತ್ತದೆ, ಅದಕ್ಕೆ. ಸಹನಾ ಮೊದಮೊದಲು ಅವ್ವ ಎಲ್ಲಿ ಅಂತ ದಿನಾ ಕೇಳುತ್ತಿತ್ತು. ಆಮೇಲೆ ಬಿಟ್ಟಿತು. ಆಮೇಲೆ ನನ್ನನ್ನೇ ಅವ್ವ ಅಂದಿತು. ನಾನು ತಿದ್ದಲಿಲ್ಲ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ — ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಖವಾಗಿದ್ದೆ.

ಅಲ್ಲಿ ಮಂಜುಳಾ ವರ್ಷವಿಡೀ ಒದ್ದಾಡಿದಳಂತೆ. ಕೊನೆಗೆ ಅವಳ ಅಣ್ಣ ಡಾಕ್ಟರ ಹತ್ತಿರ ಕರೆದೊಯ್ದ. ಆರಾಮಾಗಿ ತಿರುಗಿ ಬಂದವಳು ಕೇಳಿದವರಿಗೆಲ್ಲ, ಮನಸ್ಸಿನ ಬೇನೆ ಇತ್ತು, ಗುಳಿಗೆ ತಗೊಂಡೆ ಅಂತ ಸೀದಾ ಹೇಳಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಮಗಳು ಅವಳ ಹತ್ತಿರ ಹೋಗದೆ ನನ್ನ ಸೆರಗಿನ ಹಿಂದೆ ನಿಂತಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಸಹನಾಳಿಗೆ ಈಗ ಹನ್ನೆರಡು. ಕಳೆದ ತಿಂಗಳು ಯಾವುದೋ ಸಣ್ಣ ಮಾತಿಗೆ ಸಿಟ್ಟಾಗಿ ಹೆತ್ತವಳಿಗೆ ಅಂದುಬಿಟ್ಟಳು — "ನೀ ನನ್ನ ಬಿಟ್ಟು ಹೋದಾಕಿ." ಒಗೆದ ಬಟ್ಟೆ ಮಡಚುತ್ತಿದ್ದ ಮಂಜುಳಾ ಮಡಚುತ್ತಲೇ ಇದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಗಂಡನಿಗೆ ಹೇಳಿದೆ, ಆಮೇಲೆ ಮಂಜುಳಾಗೆ. ಎಲ್ಲ ಹೇಳಿದೆ, ಕೂಸು ಬೇಕೆನಿಸಿದ್ದನ್ನೂ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. "ಅಷ್ಟ ದಿವಸ ಜಗತ್ತಿನ್ಯಾಗ ನಾ ಒಬ್ಬಾಕೀನ ಹಿಂಗ ಅಂತ ತಿಳ್ಕೊಂಡಿದ್ನೆಲ್ರಿ ಅಕ್ಕಾರ" ಅಂದಳು. ಆಮೇಲೆ, "ನನಗ ಹೇಳಿದ್ದು ಆತು. ಆಕೀಗೆ ಹೇಳ್ರಿ."

ಹದಿನೈದು ದಿನ ಮುಂದೆ ಹಾಕಿದೆ. ಹುಡುಗಿ ಕೈತಪ್ಪಿ ಹೋಗುತ್ತಾಳೆ ಎಂಬ ಭಯ, ಬೇರೇನಲ್ಲ. ನಿನ್ನೆ ರವಿವಾರ, ಮುಂಜಾನೆ, ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದೆ. ನಿಮ್ಮವ್ವ ಬಿಟ್ಟು ಹೋಗಲಿಲ್ಲ, ಅವಳಿಗೆ ಬೇನೆ ಇತ್ತು, ಅದೇ ಬೇನೆಯಿಂದ ನಾನು ವಾಸಿಯಾಗಿದ್ದೆ, ಹೇಳಲಿಲ್ಲ, ಅವಳನ್ನು ಕಳಿಸಿದವಳು ನಾನು — ಇಷ್ಟೇ. ಅಂಜಿಕೆಯ ಮಾತು, ಮಕ್ಕಳಿಲ್ಲದ ಮಾತು ಎತ್ತಲಿಲ್ಲ, ಎತ್ತಿದರೆ ಕನಿಕರಪಟ್ಟಾಳು ಅಂತ.

ಅವಳು ಒಂದೇ ಕೇಳಿದಳು. "ನಿನಗ ಗೊತ್ತಿತ್ತೇನು?"

ಗೊತ್ತಿತ್ತು ಅಂದೆ.

ಎದ್ದು ಒಳಗೆ ಹೋದಳು. ಮಂಜುಳಾ ತಲೆ ಎರೆದುಕೊಂಡು ಹಿತ್ತಿಲ ಬಾಗಿಲ ಬಿಸಿಲಿಗೆ ಕೂದಲು ಬಿಟ್ಟು ಕೂತಿದ್ದಳು. ಹುಡುಗಿ ಅವಳ ಬೆನ್ನ ಹಿಂದೆ ಕೂತು, ಅವ್ವನ ಕೈಯಿಂದ ಹಣಿಗೆ ತೆಗೆದುಕೊಂಡು ಸಿಕ್ಕು ಬಿಡಿಸತೊಡಗಿದಳು. ನಾನು ಕಟ್ಟೆಯ ಮೇಲೆ ಕೂತಲ್ಲಿಂದಲೇ ನೋಡಿದೆ. ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ.